ಮೊದಲು ಬಂದವರಿಗೆ ಮೊದಲ ಕುರ್ಚಿ

ಯಾವುದಾದರೂ ಕಾರ್ಯಕ್ರಮದ ಟಿಕೆಟ್ ಕೈಗೆ ಬಂದಾಗ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ನಿಮಗಿದೆಯೇ? ನನಗಂತೂ ಇರಲಿಲ್ಲ. ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಎರಡು ಸಲ ಓದಿ ಎಂದು ದಿನವೂ ಹೇಳುವ ಟೀಚರ್ ನಾನು. ಆದರೂ ಕಳೆದ ಫೆಬ್ರವರಿಯಲ್ಲಿ ಅಕ್ಕನ ಮಗಳು ತಂದುಕೊಟ್ಟ ಟಿಕೆಟನ್ನು ತಿರುಗಿಸಿಯೂ ನೋಡದೆ ಪರ್ಸಿಗೆ ಹಾಕಿಕೊಂಡೆ. "ಆಸನಗಳನ್ನು ಕಾಯ್ದಿರಿಸಿಲ್ಲ. ಮೊದಲು ಬಂದವರಿಗೆ ಮೊದಲ ಆದ್ಯತೆ" ಎಂಬ ಒಂದು ಸಾಲು ಅಲ್ಲಿತ್ತು. ಆ ಒಂದು ಸಾಲು ನಮ್ಮ ಮನೆಯಲ್ಲಿ ಏನೇನು ಮಾಡಿತು ಎಂಬುದನ್ನು ನಿಮಗೆ ಹೇಳಬೇಕಾಗಿದೆ.

ಅದು ನಮ್ಮ ಜಿಲ್ಲಾ ಕೇಂದ್ರದ ಒಂದು ಕಾಲೇಜು ಮೈದಾನದಲ್ಲಿ ಏರ್ಪಡಿಸಿದ್ದ ಬಯಲು ಸಂಗೀತ ಸಂಜೆ. ಮುಂಬೈಯಿಂದ ಹೆಸರಾಂತ ಗಾಯಕರೊಬ್ಬರು ಬರುವವರಿದ್ದರು. ನನ್ನ ಅಕ್ಕನ ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ತಲಾ ಆರುನೂರು ರೂಪಾಯಿಯ ಎರಡು ಟಿಕೆಟ್ ಕೊಂಡು, "ಖಾಲಾ, ನೀವು ಜೊತೆಗೆ ಬಂದರೆ ಮಾತ್ರ ಅಬ್ಬಾ ಕಳುಹಿಸುತ್ತಾರೆ" ಎಂದು ಅಂಗಲಾಚಿದಳು. ಸಂಗೀತ ಸಭೆಗೆ ಹೋಗಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈಗಾಗಲೇ ಎದ್ದಿರಬಹುದು. ಮದ್ರಸಾದಲ್ಲಿ ಓದಿದವಳಾಗಿ ಆ ಚರ್ಚೆಯ ಎರಡೂ ಕಡೆಯವರ ವಾದ ನನಗೆ ತಿಳಿದಿದೆ. ಅದು ಇಂದಿನ ವಿಷಯವಲ್ಲ. ಆದರೆ ಆ ಪ್ರಶ್ನೆಯನ್ನು ತಪ್ಪಾದ ಜಾಗದಲ್ಲಿ ಎತ್ತಿದವರ ಬಗ್ಗೆ ಮುಂದೆ ಹೇಳಲಿಕ್ಕಿದೆ.

ಗೇಟು ತೆರೆಯುವುದು ನಾಲ್ಕೂವರೆಗೆ, ಕಾರ್ಯಕ್ರಮ ಆರಕ್ಕೆ ಎಂದಿತ್ತು. ಅಸರ್ ನಮಾಝ್ ಮುಗಿಸಿ ನಾವು ಹೊರಟೆವು. ಐದು ಗಂಟೆಗೆ ಅಲ್ಲಿ ತಲುಪಿದಾಗ ಸಾಲು ಮೈದಾನದ ಗೋಡೆ ದಾಟಿ ಪೆಟ್ರೋಲ್ ಬಂಕಿನವರೆಗೆ ಬೆಳೆದಿತ್ತು. ಗೇಟು ಇನ್ನೂ ತೆರೆದಿರಲಿಲ್ಲ. ಐದೂಮುಕ್ಕಾಲಿಗೆ ತೆರೆದರು, ಅದೂ ಅರ್ಧ. ಎರಡು ಬಾಗಿಲಿನ ದೊಡ್ಡ ಗೇಟಿನಲ್ಲಿ ಒಂದನ್ನು ಮಾತ್ರ ಸರಿಸಿ, ಅದರ ನಡುವೆ ಮೆಟಲ್ ಡಿಟೆಕ್ಟರ್ ಚೌಕಟ್ಟನ್ನು ನಿಲ್ಲಿಸಿದ್ದರು. ಅದರ ವಯರು ನೆಲದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು! ಕರೆಂಟೇ ಇಲ್ಲದ ಯಂತ್ರದ ಮೂಲಕ ನಾವೆಲ್ಲ ಒಬ್ಬೊಬ್ಬರಾಗಿ ತೂರಿಕೊಂಡು ಹೋದೆವು. ಮನೆಯಿಂದ ತಂದಿದ್ದ ನೀರಿನ ಬಾಟಲಿಯನ್ನು ಕಸಿದುಕೊಂಡು ಒಂದು ರಾಶಿಗೆ ಎಸೆದರು. ಒಳಗೆ ಇಪ್ಪತ್ತು ರೂಪಾಯಿಯ ನೀರಿಗೆ ಐವತ್ತು.

ಕುರ್ಚಿಗಳ ಕಥೆ ಕೇಳಿ. ಸಾವಿರಾರು ಪ್ಲಾಸ್ಟಿಕ್ ಕುರ್ಚಿಗಳು. ಒಂದಕ್ಕೊಂದು ಕಟ್ಟಿರಲಿಲ್ಲ, ಸಾಲುಗಳ ನಡುವೆ ಹಗ್ಗವಿರಲಿಲ್ಲ, ನಡೆಯಲು ದಾರಿ ಬಿಟ್ಟಿರಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೀವೂ ನೋಡಿದ್ದೀರಿ. ಬಿ.ಎ. ಓದುವ ದಿನಗಳಲ್ಲಿ ನಾನೇ ಕನ್ನಡ ಪಠ್ಯಪುಸ್ತಕವನ್ನು ಕಿಟಕಿಯಿಂದ ಒಳಗೆ ತೂರಿಸಿ ಸೀಟು ಹಿಡಿದವಳು, ಸುಳ್ಳು ಹೇಳಬಾರದು. ಆ ಮೈದಾನದಲ್ಲಿ ದುಪಟ್ಟಾ, ಹೆಲ್ಮೆಟ್, ಮಗುವಿನ ಚಪ್ಪಲಿ, ಕುರುಕಲು ತಿಂಡಿಯ ಪೊಟ್ಟಣ, ಎಲ್ಲವೂ ಕುರ್ಚಿ ಹಿಡಿಯುವ ಕೆಲಸ ಮಾಡುತ್ತಿದ್ದವು. ಒಬ್ಬರು ಬಂದು ಹದಿನಾಲ್ಕು ಕುರ್ಚಿ ಹಿಡಿದು ಕೂತರೆ ಜಗಳ ಬರದಿರುತ್ತದೆಯೇ? ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಸಾಲಿನ ಯುವಕರು ಕುರ್ಚಿಗಳನ್ನು ತಲೆಯ ಮೇಲೆತ್ತಿಕೊಂಡು ಮುಂದಕ್ಕೆ ಸಾಗಿಸತೊಡಗಿದರು. ಇದ್ದ ಅಷ್ಟಿಷ್ಟು ಸಂದೂ ಹಾಗೆ ಮುಚ್ಚಿಹೋಯಿತು. ಎಲ್ಲಕ್ಕೂ ಮುಂದೆ ಬಿಳಿ ಬಟ್ಟೆ ಹೊದಿಸಿದ ಸೋಫಾಗಳ ಎರಡು ಸಾಲು ಗಣ್ಯರಿಗಾಗಿ ಖಾಲಿ ಕಾಯುತ್ತಿದ್ದವು. ರಾತ್ರಿ ಎಂಟರವರೆಗೂ ಅವು ಖಾಲಿಯೇ ಇದ್ದವು.

ಹೆಂಗಸರ ಶೌಚಾಲಯ ಎಂದರೆ ವೇದಿಕೆಯ ಹಿಂಬದಿಯಲ್ಲಿ ಮೂರು ತಗಡಿನ ಗೂಡುಗಳು, ಬಾಗಿಲಿಗೆ ಪ್ಲಾಸ್ಟಿಕ್ ಪರದೆ, ಹೊರಗೆ ಬಲ್ಬ್ ಇಲ್ಲ. ನಾನು ಸಾಲಿನಲ್ಲಿ ನಿಂತು, ಮುಂದೆ ಎಷ್ಟು ಮಂದಿ ಇದ್ದಾರೆಂದು ಎಣಿಸಿ ವಾಪಸಾದೆ. ಮಗ್ರಿಬ್ ಹೊತ್ತಾದಾಗ ಒಬ್ಬ ಅಪರಿಚಿತ ತಾಯಿ, ಇಬ್ಬರು ಕಾಲೇಜು ಹುಡುಗಿಯರು ಮತ್ತು ನಾವಿಬ್ಬರು ಜನರೇಟರ್ ಪಕ್ಕದ ಖಾಲಿ ಜಾಗದಲ್ಲಿ ಶಾಲು ಹಾಸಿಕೊಂಡು ನಮಾಝ್ ಮಾಡಿದೆವು. "ಆಂಬ್ಯುಲೆನ್ಸ್‌ಗೆ ಮಾತ್ರ" ಎಂದು ಸುಣ್ಣದಲ್ಲಿ ನೆಲದ ಮೇಲೆ ಬರೆದಿದ್ದ ಜಾಗವದು. ಆಂಬ್ಯುಲೆನ್ಸ್ ಬಂದಿರಲೇ ಇಲ್ಲ, ಹಾಗಾಗಿ ನಮಗೆ ಜಾಗ ಸಿಕ್ಕಿತು. ಆಗ ನಾವು ನಕ್ಕೆವು.

ಎಂಟೂಕಾಲಿಗೆ ಗಾಯಕರು ವೇದಿಕೆಗೆ ಬಂದರು. ಅವರ ಮೊದಲ ಸ್ವರ ಧ್ವನಿವರ್ಧಕದಲ್ಲಿ ಕೇಳಿದ್ದೇ ತಡ, ಟಿಕೆಟ್ ಇದ್ದರೂ ಇನ್ನೂ ಗೇಟಿನ ಹೊರಗೆ ನಿಂತಿದ್ದ ಜನ ಬೇಲಿಯ ತಗಡುಗಳನ್ನು ಒತ್ತಿದರು. ತಗಡು ಮಲಗಿತು. ಹಿಂದಿನಿಂದ ಬಂದ ಆ ಒತ್ತಡ ಮುಂದಿದ್ದ ನಮಗೆ ಕಾಣಿಸಲಿಲ್ಲ, ಮೈಗೆ ತಾಗಿತು. ಮೊದಲು ಕುರ್ಚಿಗಳು ಮೊಣಕಾಲಿಗೆ ಬಡಿದವು, ಆಮೇಲೆ ಮುರಿದವು. ಅಕ್ಕನ ಮಗಳ ಕೈಯನ್ನು ನಾನು ಹಿಡಿದಿದ್ದೆ. ಅವಳ ಬೆರಳುಗಳು ಒಂದೊಂದಾಗಿ ಜಾರಿದ್ದು ನನಗಿನ್ನೂ ನೆನಪಿದೆ. ನನ್ನ ಬುರ್ಖಾದ ಅಂಚನ್ನು ಯಾರೋ ತುಳಿದಿದ್ದರು. ಕುತ್ತಿಗೆಯ ಬಳಿ ಬಟ್ಟೆ ಬಿಗಿದು ನಾನು ಹಿಂದಕ್ಕೆ ಬಾಗುತ್ತಿದ್ದೆ. ಬೀಳಲಿಲ್ಲ, ಏಕೆಂದರೆ ಬೀಳಲು ಜಾಗವಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ಅವರ ಮುಖವನ್ನು ನಾನು ನೋಡಲೇ ಇಲ್ಲ, "ಅಕ್ಕಾ, ಕೈ ಎರಡೂ ಎದೆ ಮುಂದೆ ತನ್ನಿ, ಎದೆ ಮುಂದೆ ತನ್ನಿ" ಎಂದು ಕಿವಿಯ ಬಳಿ ಕೂಗಿದರು. ತಂದೆ. ಉಸಿರಾಡಲು ಒಂದು ಗೇಣು ಜಾಗ ಸಿಕ್ಕಿತು. ಅವರು ಯಾರೋ ಏನೋ, ಅಲ್ಲಾಹನು ಅವರಿಗೆ ಒಳ್ಳೆಯದು ಮಾಡಲಿ.

ವೇದಿಕೆಯ ಎಡಕ್ಕೆ ಇನ್ನೊಂದು ಗೇಟಿತ್ತು. ಅದಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಕೀಲಿ ಯಾರ ಬಳಿ ಇದೆ ಎಂದು ಅಲ್ಲಿದ್ದ ಸ್ವಯಂಸೇವಕ ಹುಡುಗರಿಗೇ ಗೊತ್ತಿರಲಿಲ್ಲ. ಕೊನೆಗೆ ಧ್ವನಿವರ್ಧಕದವರ ಲಾರಿಯಿಂದ ಯಾರೋ ಕಬ್ಬಿಣದ ಸಲಾಕೆ ತಂದು ಸರಪಳಿಯನ್ನು ಮುರಿದರು. ಆಗ ಜನ ಹೊರಗೆ ಹರಿದರು, ಒತ್ತಡ ಇಳಿಯಿತು. ಅಷ್ಟೆಲ್ಲ ನಡೆಯುವಾಗ ಹಾಡು ಮಾತ್ರ ನಿಂತಿರಲಿಲ್ಲ. ವೇದಿಕೆಯ ಮೇಲಿನ ಬೆಳಕಿನಿಂದ ಅವರಿಗೆ ಕೆಳಗಿನ ಕತ್ತಲೆ ಕಂಡಿರಲಿಕ್ಕಿಲ್ಲ.

ಮೊಬೈಲ್ ಹತ್ತಲಿಲ್ಲ. ಅಷ್ಟು ಜನ ಒಂದೇ ಕಡೆ ಸೇರಿದಾಗ ಟವರ್ ಕೈಕೊಡುತ್ತದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ನಾವಿಬ್ಬರು ಮಾತಾಡಿಕೊಂಡಿರಲೂ ಇಲ್ಲ. ನಲವತ್ತು ನಿಮಿಷ ಹುಡುಕಿದ ಮೇಲೆ, ರಸ್ತೆಯಾಚೆಯ ಕಡಲೆಕಾಯಿ ಗಾಡಿಯ ಪಕ್ಕ ಒಂದೇ ಚಪ್ಪಲಿಯಲ್ಲಿ ಕುಳಿತಿದ್ದವಳನ್ನು ಕಂಡೆ. ಬಲಗೈಯ ಕಿರುಬೆರಳು ಊದಿಕೊಂಡಿತ್ತು. ಗಾಡಿಯವನ ಹೆಂಡತಿ ಅವಳಿಗೆ ನೀರು ಕುಡಿಸುತ್ತಿದ್ದಳು. ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ಸಂಗೀತ ಸಂಜೆಗೆ ಹರಿದು ಬಂದ ಜನಸಾಗರ.

ಯಾರೂ ಸಾಯಲಿಲ್ಲ, ಅಲ್ಹಮ್ದುಲಿಲ್ಲಾಹ್. ಸತ್ತಿದ್ದರೆ ಸುದ್ದಿ ಬೇರೆ ರೀತಿ ಬರುತ್ತಿತ್ತು, ಅಷ್ಟೇ.

* * *

ಇನ್ನು ಮನೆಯ ವಿಚಾರ. ಹುಡುಗಿಯ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ರಾತ್ರಿ ಭಾವ ಏನೂ ಮಾತಾಡಲಿಲ್ಲ. ಮೂರನೇ ದಿನ ಆಪಾ ಫೋನ್ ಮಾಡಿ, "ಇನ್ನು ಕಾಲೇಜು ಸಾಕು ಅನ್ನುತ್ತಿದ್ದಾರೆ" ಎಂದಳು. ಹೋಗಿ ಕೇಳಿದೆ. ಭಾವನ ಮಾತು ಇಷ್ಟೇ: "ಹಾಡು ಕೇಳಲು ಹೋದದ್ದಕ್ಕೆ ಅಲ್ಲಾಹನು ತೋರಿಸಿದ ಎಚ್ಚರಿಕೆ ಇದು. ಹೆಣ್ಣುಮಕ್ಕಳಿಗೆ ಜನಸಂದಣಿಯಲ್ಲಿ ಏನು ಕೆಲಸ?" ಪಕ್ಕದ ಮನೆಯವರೂ ಹೌದೆಂದರು. ಮೊಹಲ್ಲಾದಲ್ಲಿ ಮಾತು ಸುತ್ತಿ ಬಂದಾಗ, ಹುಡುಗಿ ಯಾರ ಜೊತೆ ಹೋಗಿದ್ದಳು ಎಂಬ ಪ್ರಶ್ನೆಯೂ ಸೇರಿಕೊಂಡಿತ್ತು. ಗೇಟಿಗೆ ಬೀಗ ಹಾಕಿದ್ದು ಯಾರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾವ ಕೆಟ್ಟವರಲ್ಲ. ಮಗಳ ಮೇಲಿನ ಜೀವದಿಂದಲೇ ಹಾಗೆ ಹೇಳಿದ್ದು. ಆದರೆ ಅವರ ಮಾತು ಸರಿಯೇ? ಕುಳಿತು ಓದತೊಡಗಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಚೆನ್ನೈಯ ಪ್ರಕರಣ ನಿಮಗೆ ನೆನಪಿರಬಹುದು. 2023ರ ಸೆಪ್ಟೆಂಬರ್ 10ರಂದು, ಭಾನುವಾರ, ಈಸ್ಟ್ ಕೋಸ್ಟ್ ರಸ್ತೆಯ ಪನೈಯೂರಿನ ಬಯಲಿನಲ್ಲಿ ಎ.ಆರ್. ರಹಮಾನ್ ಅವರ 'ಮರಕ್ಕುಮಾ ನೆಂಜಂ' ಕಾರ್ಯಕ್ರಮ ನಡೆಯಿತು. ಆಗಸ್ಟ್ 12ರಂದು ನಡೆಯಬೇಕಿದ್ದುದು ಮಳೆಯಿಂದಾಗಿ ಮುಂದಕ್ಕೆ ಹೋಗಿತ್ತು. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡವರು ಗಂಟೆಗಟ್ಟಲೆ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಕೊನೆಗೆ ಗೇಟಿನ ಬಳಿ ಬಂದರೆ ಒಳಗೆ ಜಾಗವೇ ಇಲ್ಲ! ಅದೇ ರಸ್ತೆಯಲ್ಲಿ ಬಂದ ಮುಖ್ಯಮಂತ್ರಿಯ ವಾಹನಗಳೂ ದಟ್ಟಣೆಯಲ್ಲಿ ಸಿಲುಕಿದವು. ಒಳಗೆ ಹೋದವರಲ್ಲಿ ಮಕ್ಕಳು ತಾಯಂದಿರಿಂದ ತಪ್ಪಿಸಿಕೊಂಡರು. ನೂಕುನುಗ್ಗಲಿನಲ್ಲಿ ತಮ್ಮ ಮೈಮೇಲೆ ಕೈ ಹಾಕಿದರೆಂದು ಹಲವು ಹೆಣ್ಣುಮಕ್ಕಳು ಬಹಿರಂಗವಾಗಿಯೇ ಹೇಳಿಕೊಂಡರು. ಇದ್ದ ಜಾಗಕ್ಕಿಂತ ಹೆಚ್ಚು ಟಿಕೆಟ್ ಮಾರಲಾಗಿದೆ ಎಂಬ ದೂರಿನ ಮೇಲೆ ಪೊಲೀಸ್ ವಿಚಾರಣೆ ನಡೆಯಿತು. ಸಂಘಟಕರು ಕ್ಷಮೆ ಕೇಳಿದರು.

ರಹಮಾನ್ ಹಾಡಿನ ಜವಾಬ್ದಾರಿ ಮಾತ್ರ ತನ್ನದು ಎಂದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲರೂ ಎಚ್ಚೆತ್ತುಕೊಳ್ಳುವುದಾದರೆ ಈ ಸಲ ನಾನೇ ಬಲಿಪಶುವಾಗುತ್ತೇನೆ ಎಂಬ ಅರ್ಥದ ಮಾತು ಬರೆದರು. ಒಳಗೆ ಬರಲಾಗದವರು ಟಿಕೆಟಿನ ಪ್ರತಿಯನ್ನು ಕಳುಹಿಸಿ ಎಂದು ಇ-ಮೇಲ್ ವಿಳಾಸ ಕೊಟ್ಟು, ಹಣ ಮರಳಿಸುವ ಏರ್ಪಾಡು ಮಾಡಿಸಿದರು. ಗಮನಿಸಿ, ಅಲ್ಲಿ ತೊಂದರೆಗೊಳಗಾದ ಹೆಣ್ಣುಮಕ್ಕಳನ್ನು "ನೀವೇಕೆ ಬಂದಿರಿ" ಎಂದು ಅವರು ಕೇಳಲಿಲ್ಲ.

ಚೆನ್ನೈಯಲ್ಲಿ ಜೀವಹಾನಿ ಆಗಲಿಲ್ಲ. ಅದಾಗಿ ಎರಡೂವರೆ ತಿಂಗಳಿಗೆ, ನವೆಂಬರ್ 25ರಂದು, ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ಸಭಾಂಗಣದಲ್ಲಿ ಆಯಿತು. ವಿದ್ಯಾರ್ಥಿಗಳ ಉತ್ಸವ. ಸಂಜೆಗೆ ಸಂಗೀತ ಕಾರ್ಯಕ್ರಮ. ಗೇಟಿನ ಹೊರಗೆ ಜನ ಕಾಯುತ್ತಿದ್ದರು. ಅಷ್ಟರಲ್ಲಿ ಮಳೆ ಬಂತು. ಮಳೆಯಿಂದ ತಪ್ಪಿಸಿಕೊಳ್ಳಲು ಎಲ್ಲರೂ ಒಮ್ಮೆಲೇ ಒಳಗೆ ನುಗ್ಗಿದರು. ಗೇಟು ದಾಟಿದ ತಕ್ಷಣ ಕೆಳಕ್ಕಿಳಿಯುವ ಕಡಿದಾದ ಮೆಟ್ಟಿಲುಗಳು. ಮುಂದಿನವರು ಉರುಳಿದರು, ಹಿಂದಿನವರು ಅವರ ಮೇಲೆ. ಮೂವರು ವಿದ್ಯಾರ್ಥಿಗಳು ಹಾಗೂ ಹೊರಗಿನಿಂದ ಬಂದಿದ್ದ ಒಬ್ಬ ಯುವಕ ತೀರಿಕೊಂಡರು. ಹಾಡು ಆಗ ಇನ್ನೂ ಆರಂಭವಾಗಿರಲೇ ಇಲ್ಲ. ಬಿಸಿಲಿಗೆ, ಮಳೆಗೆ ಬಯಲಿನಲ್ಲಿ ಮರೆ ಎಲ್ಲಿದೆ ಎಂಬುದನ್ನು ಮೊದಲೇ ಯೋಚಿಸದಿದ್ದರೆ ಒಂದು ಮಳೆಯೂ ಜೀವ ತೆಗೆಯಬಲ್ಲದು.

ನಾವು ಇದನ್ನು 'ಕಾಲ್ತುಳಿತ' ಎನ್ನುತ್ತೇವೆ. ಕನ್ನಡ ಹೇಳಿಕೊಡುವವಳಾಗಿ ನನಗೆ ಈ ಪದದ ಬಗ್ಗೆ ತಕರಾರಿದೆ. ಈ ಪದ ಕೇಳಿದೊಡನೆ, ಯಾರೋ ಹುಚ್ಚೆದ್ದು ಓಡಿ ಇನ್ನೊಬ್ಬರನ್ನು ತುಳಿದರು ಎಂಬ ಚಿತ್ರ ಮೂಡುತ್ತದೆ. ಆದರೆ ಇಂತಹ ಘಟನೆಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತಕ್ಕಲ್ಲ, ಉಸಿರುಗಟ್ಟಿ. ಎದೆಗೂಡನ್ನು ನಾಲ್ಕೂ ಕಡೆಯಿಂದ ಅದುಮಿದಾಗ ಅದು ಹಿಗ್ಗಲಾರದು, ಗಾಳಿ ಒಳಗೆ ಬರಲಾರದು. ನಿಂತ ನಿಲುವಿನಲ್ಲೇ ಪ್ರಜ್ಞೆ ತಪ್ಪುತ್ತದೆ. 2021ರ ನವೆಂಬರ್ 5ರಂದು ಅಮೆರಿಕದ ಹ್ಯೂಸ್ಟನ್ ನಗರದ ಬಯಲು ಸಂಗೀತೋತ್ಸವವೊಂದರಲ್ಲಿ ಹತ್ತು ಮಂದಿ ಸತ್ತದ್ದು ಹೀಗೆಯೇ. ಅವರಲ್ಲಿ ಅತಿ ಕಿರಿಯ, ಒಂಬತ್ತು ವರ್ಷದ ಹುಡುಗ.

ಜನದಟ್ಟಣೆಯನ್ನು ಅಧ್ಯಯನ ಮಾಡಿದವರು ಇದಕ್ಕೊಂದು ಲೆಕ್ಕ ಹೇಳುತ್ತಾರೆ. ಅದನ್ನು ನಮ್ಮ ಮನೆಯ ವಸ್ತುವಿನಲ್ಲಿ ಹೇಳುವೆ. ನಮ್ಮ ಜಾನಮಾಝ್ ಇದೆಯಲ್ಲ, ಅದನ್ನು ಒಂದು ಗೇಣಿನಷ್ಟು ಅಗಲ ಮಾಡಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುತ್ತದೆ. ಅದರ ಮೇಲೆ ಇಬ್ಬರು ಆರಾಮವಾಗಿ ನಿಲ್ಲಬಹುದು. ನಾಲ್ವರು ನಿಂತರೆ ಮೈಗೆ ಮೈ ತಾಗುತ್ತದೆ, ಆದರೂ ತಿರುಗಬಹುದು. ಐವರು ದಾಟಿದರೆ ಅಪಾಯ ಆರಂಭ. ಏಳು ಮಂದಿಯಾದರೆ ಆ ಗುಂಪು ಜನರ ಗುಂಪಾಗಿ ಉಳಿಯುವುದಿಲ್ಲ, ನೀರಿನಂತಾಗುತ್ತದೆ. ಎಲ್ಲೋ ಒಂದು ಕಡೆ ತಳ್ಳಿದರೆ ಅಲೆ ಎದ್ದು ಇನ್ನೊಂದು ಕಡೆ ಬಡಿಯುತ್ತದೆ. ಆಗ ನೀವೆಷ್ಟು ಗಟ್ಟಿಗರು, ಎಷ್ಟು ಸಭ್ಯರು, ಎಷ್ಟು ತಾಳ್ಮೆಯವರು ಎಂಬುದಕ್ಕೆ ಬೆಲೆಯೇ ಇಲ್ಲ. ಹಿಂದಿರುವವರಿಗೆ ಮುಂದಿನವರ ಸಂಕಟ ಕಾಣುವುದಿಲ್ಲ. ಅವರು ಬರೀ ಒಂದು ಹೆಜ್ಜೆ ಮುಂದಿಟ್ಟಿರುತ್ತಾರೆ, ಅಷ್ಟೇ.

ಅಂದರೆ ಕಾಯ್ದಿರಿಸದ ಆಸನ ಮಾಡುವ ಕೆಲಸವೇನು? ಹತ್ತು ಸಾವಿರ ಜನರಿಗೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಓಡಲು ಕಾರಣವನ್ನು ಕೊಡುತ್ತದೆ. ನಿಮ್ಮ ಕುರ್ಚಿಯ ಸಂಖ್ಯೆ ಟಿಕೆಟಿನಲ್ಲಿದ್ದರೆ ನೀವು ನಿಧಾನವಾಗಿ ಚಹಾ ಕುಡಿದು ಬರುತ್ತೀರಿ. ಇಲ್ಲದಿದ್ದರೆ ಮಧ್ಯಾಹ್ನದಿಂದಲೇ ಗೇಟಿಗೆ ಅಂಟಿಕೊಂಡು ನಿಲ್ಲುತ್ತೀರಿ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ 'ದಿ ಹೂ' ಎಂಬ ತಂಡದ ಕಾರ್ಯಕ್ರಮವಿತ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ಟಿಕೆಟ್, ಬಹುಪಾಲು ಸಂಖ್ಯೆಯಿಲ್ಲದ್ದು. ತೆರೆದದ್ದು ಕೆಲವೇ ಬಾಗಿಲು. ಒಳಗೆ ವಾದ್ಯಗಳ ಪರೀಕ್ಷೆಯ ಸದ್ದು ಕೇಳಿ ಹಾಡು ಶುರುವಾಯಿತೆಂದು ಹೊರಗಿನವರು ಒತ್ತಿದರು. ಹನ್ನೊಂದು ಮಂದಿ ಬಾಗಿಲ ಬಳಿಯೇ ಸತ್ತರು. ಒಳಗೆ ಕಾರ್ಯಕ್ರಮ ಕೊನೆಯವರೆಗೂ ನಡೆಯಿತು. ಹಾಡಿದವರಿಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ನಗರಾಡಳಿತ ಅದೇ ತಿಂಗಳು ಕಾಯ್ದಿರಿಸದ ಆಸನ ಪದ್ಧತಿಯನ್ನೇ ನಿಷೇಧಿಸಿತು. 2004ರಲ್ಲಿ ಆ ನಿಷೇಧವನ್ನು ತೆಗೆಯಲಾಯಿತು. ಇದನ್ನು ಓದುವಾಗ ನನ್ನ ಮೈದಾನದ ಅರ್ಧ ಗೇಟು, ಬೀಗ ಹಾಕಿದ ಗೇಟು, ಮೊದಲ ಸ್ವರಕ್ಕೆ ಮಲಗಿದ ತಗಡು ಎಲ್ಲವೂ ಕಣ್ಣೆದುರು ಬಂದವು. ಅಷ್ಟು ಹಳೆಯ ಪಾಠವನ್ನು ನಮ್ಮವರು ಇನ್ನೂ ಓದಿಲ್ಲವಲ್ಲ!

ಬೆಂಗಳೂರಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಹನ್ನೊಂದು ಮಂದಿ ಸತ್ತರು, ಬಹುತೇಕ ಎಳೆಯ ವಯಸ್ಸಿನವರು. ಅದು ಹಾಡಿನ ಕಾರ್ಯಕ್ರಮವಲ್ಲ, ಕ್ರಿಕೆಟ್ ಗೆಲುವಿನ ಸಂಭ್ರಮ. ಯಾರಿಗೆ ಪ್ರವೇಶ, ಯಾವ ಗೇಟಿನಿಂದ, ಪಾಸ್ ಬೇಕೇ ಬೇಡವೇ ಎಂಬುದು ಸ್ಪಷ್ಟವಿಲ್ಲದಾಗ ಜನ ಎಲ್ಲ ಗೇಟುಗಳಿಗೂ ಮುಗಿಬಿದ್ದರು.

ಈಗ ಭಾವನ ಮಾತಿಗೆ ಬರುತ್ತೇನೆ. ನಾನು ಅವರ ಮುಂದೆ ಕುಳಿತು ಚೆನ್ನೈಯನ್ನೂ ಹೇಳಲಿಲ್ಲ, ಅಮೆರಿಕವನ್ನೂ ಹೇಳಲಿಲ್ಲ. ಮಿನಾ ಬಗ್ಗೆ ಕೇಳಿದೆ. 1990ರಲ್ಲಿ ಮಿನಾದ ಸುರಂಗ ಮಾರ್ಗದಲ್ಲಿ 1,426 ಹಾಜಿಗಳು ತೀರಿಕೊಂಡರು. 2006ರ ಜನವರಿಯಲ್ಲಿ ಜಮರಾತ್ ಸೇತುವೆಯ ಬಳಿ 346 ಮಂದಿ. ಅವರೆಲ್ಲ ಇಹ್ರಾಮಿನ ಪಾವಿತ್ರ್ಯದಲ್ಲಿ, ಲಬ್ಬೈಕ್ ಎಂದು ಹೇಳಿ ಹೊರಟವರು. ಅದು ಅವರಿಗೆ ಕೊಟ್ಟ ಎಚ್ಚರಿಕೆ ಎನ್ನುವ ಧೈರ್ಯ ನಿಮಗಿದೆಯೇ, ಭಾವ? ಅವರು ತಲೆ ತಗ್ಗಿಸಿದರು. ಅವರ ಅಬ್ಬಾ ಹಜ್ ಮಾಡಿ ಬಂದವರು, ಹಳೆಯ ಸೇತುವೆಯ ನೂಕುನುಗ್ಗಲನ್ನು ಮನೆಯಲ್ಲಿ ಕಣ್ಣೀರು ಹಾಕಿ ವರ್ಣಿಸಿದವರು.

ಮತ್ತೆ ಅಲ್ಲಿ ಏನು ಮಾಡಿದರು? ಹಾಜಿಗಳನ್ನು ಬರಬೇಡಿ ಎಂದರೇ? ಇಲ್ಲ. ಮೊದಲು, 2004ರ ಹಜ್ಜಿನ ನಂತರ, ದುಂಡನೆಯ ಕಂಬಗಳ ಬದಲು ಉದ್ದನೆಯ ಗೋಡೆಗಳನ್ನು ಕಟ್ಟಿದರು, ಕಲ್ಲೆಸೆಯುವವರೆಲ್ಲ ಒಂದೇ ಬಿಂದುವಿಗೆ ಮುತ್ತಬಾರದೆಂದು. 2006ರ ದುರಂತದ ನಂತರ ಹಳೆಯ ಸೇತುವೆಯನ್ನೇ ಕೆಡವಿ, ಹಲವು ಅಂತಸ್ತುಗಳ ಹೊಸ ಸೇತುವೆ ಕಟ್ಟಿದರು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಗುಂಪುಗಳಿಗೆ ಸಮಯ ನಿಗದಿ ಮಾಡಿದರು. ಆ ಹೊಸ ಸೇತುವೆಯ ಮೇಲೆ ಅಂತಹ ದುರಂತ ಮರುಕಳಿಸಲಿಲ್ಲ. 2015ರಲ್ಲಿ ಮಿನಾದಲ್ಲಿ ಮತ್ತೆ ಭಾರೀ ಸಾವು ಸಂಭವಿಸಿತಾದರೂ ಅದು ಸೇತುವೆಯಲ್ಲಲ್ಲ, ಅದರ ಕಡೆಗೆ ಹೋಗುವ ರಸ್ತೆಗಳಲ್ಲಿ, ಎರಡು ಗುಂಪುಗಳು ಎದುರುಬದುರಾದ ತಿರುವಿನಲ್ಲಿ. ಸರ್ಕಾರದ ಅಧಿಕೃತ ಲೆಕ್ಕವೇ 769. ಜನ ಅದೇ ಜನ, ಭಕ್ತಿ ಅದೇ ಭಕ್ತಿ. ದಾರಿ ಸರಿಯಿದ್ದಲ್ಲಿ ಬದುಕಿದರು, ದಾರಿ ತಪ್ಪಿದಲ್ಲಿ ಸತ್ತರು.

ಭಾವ ಬಹಳ ಹೊತ್ತು ಸುಮ್ಮನಿದ್ದು, "ಬೀಗ ಯಾರು ಹಾಕಿದ್ದಂತೆ?" ಎಂದು ಕೇಳಿದರು. ಮೂರು ವಾರಗಳ ಮೇಲೆ ಹುಡುಗಿ ಕಾಲೇಜಿಗೆ ಹೋದಳು.

ಅವಳು ನನಗೊಬ್ಬಳಿಗೇ ಹೇಳಿದ ಇನ್ನೊಂದು ಸಂಗತಿಯಿದೆ. ಆ ಒತ್ತಡದಲ್ಲಿ, ಕೈಗಳೆರಡೂ ಸಿಕ್ಕಿಕೊಂಡಿದ್ದಾಗ, ಹಿಂದಿದ್ದವನೊಬ್ಬ ಮಾಡಬಾರದ್ದನ್ನು ಮಾಡಿದ. ಮುಖ ತಿರುಗಿಸಿ ನೋಡಲೂ ಆಗಲಿಲ್ಲವಂತೆ. ಅವಳ ಅಮ್ಮಿಗೂ ಹೇಳಿರಲಿಲ್ಲ, ಕಾಲೇಜು ಪೂರ್ತಿ ನಿಂತುಹೋಗುತ್ತದೆಂದು. ಅವಳ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಯಂದಿರೇ, ನಿಮ್ಮ ಮಕ್ಕಳು ಇಂತಹ ಮಾತು ಹೇಳಲು ಬಾಯಿ ತೆರೆದಾಗ ಮೊದಲು ಅವರ ಕೈ ಹಿಡಿದುಕೊಳ್ಳಿ, ಪ್ರಶ್ನೆ ಆಮೇಲೆ. ಇದು ಶಿಕ್ಷಾರ್ಹ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ ಇದಕ್ಕಾಗಿಯೇ ಇದೆ. ಅಲ್ಲಿಯೇ 112ಕ್ಕೆ ಕರೆ ಮಾಡಬಹುದು. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ಘಟನೆ ನಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲ ಎಂದು ಅವರು ನಿಮ್ಮನ್ನು ವಾಪಸು ಕಳುಹಿಸುವಂತಿಲ್ಲ.

ಇಷ್ಟಾದ ಮೇಲೆ ನೀವು ಕೇಳಬಹುದು, ಟೀಚರ್, ಹಾಗಾದರೆ ನಾವು ಏನು ಮಾಡಬೇಕು? ಹಾಡೇ ಆಗಬೇಕೆಂದಿಲ್ಲ. ಇಜ್ತಿಮಾ, ವಸ್ತುಪ್ರದರ್ಶನ, ಶಾಲಾ ವಾರ್ಷಿಕೋತ್ಸವ, ಮದುವೆಯ ಶಾಮಿಯಾನ, ಎಲ್ಲ ಕಡೆಗೂ ಇದು ಅನ್ವಯಿಸುತ್ತದೆ. ಒಳಗೆ ಹೋದ ಕೂಡಲೇ ಕುರ್ಚಿ ಹುಡುಕಬೇಡಿ, ಬಾಗಿಲು ಹುಡುಕಿ. ನೀವು ಬಂದ ಬಾಗಿಲಲ್ಲದೆ ಇನ್ನೊಂದು ಎಲ್ಲಿದೆ, ಅದು ನಿಜವಾಗಿ ತೆರೆದಿದೆಯೇ, ಹೋಗಿ ಕೈಯಿಂದ ಮುಟ್ಟಿ ನೋಡಿ. ಬೀಗವಿದ್ದರೆ ಅಲ್ಲಿರುವ ಪೊಲೀಸರಿಗೆ ತೋರಿಸಿ. ನಾಚಿಕೆ ಬೇಡ. ವೇದಿಕೆಯ ಮುಂದಿನ ಜಾಗ, ಗೋಡೆ-ಬೇಲಿಗಳ ಮೂಲೆ, ಮೆಟ್ಟಿಲಿನ ಬುಡ, ಇವು ಒತ್ತಡ ಬಂದು ಬಡಿಯುವ ಜಾಗಗಳು. ಪಕ್ಕಕ್ಕೆ, ಹಿಂದಕ್ಕೆ ಕುಳಿತರೆ ಹಾಡು ಅಷ್ಟೇ ಚೆನ್ನಾಗಿ ಕೇಳಿಸುತ್ತದೆ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮೈದಾನದ ಹೊರಗೆ ಗೊತ್ತು ಮಾಡಿಕೊಳ್ಳಿ. ಪುಟ್ಟ ಮಕ್ಕಳಿದ್ದರೆ ನಿಮ್ಮ ನಂಬರ್ ಬರೆದ ಚೀಟಿ ಅವರ ಜೇಬಿನಲ್ಲಿರಲಿ. ಕೂಸುಗಳನ್ನು ಇಂತಹ ಕಡೆ ಕರೆದೊಯ್ಯದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬುರ್ಖಾ, ಸೀರೆಯವರು ಅಂಚು ಪಾದಕ್ಕಿಂತ ಮೇಲಿರುವಂತೆ ಪಿನ್ನು ಹಾಕಿಕೊಳ್ಳಿ. ಸ್ಕಾರ್ಫ್‌ನ ತುದಿ ಒಳಗೆ ಸಿಕ್ಕಿಸಿ, ಕುತ್ತಿಗೆಗೆ ಸುತ್ತು ಬರದಿರಲಿ. ಪಟ್ಟಿಯಿರುವ ಚಪ್ಪಲಿ ಹಾಕಿ. ಭುಜಕ್ಕೆ ಭುಜ ತಾಗಿ ನಿಮ್ಮಿಷ್ಟದಂತೆ ತಿರುಗಲು ಆಗದಿದ್ದರೆ, ಅದು ಹೊರಡುವ ಹೊತ್ತು. ಆರುನೂರು ರೂಪಾಯಿ ಹೋಯಿತೆಂದು ಕೂರಬೇಡಿ. ಸಿಕ್ಕಿಬಿದ್ದರೆ ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ತನ್ನಿ. ಒತ್ತಡಕ್ಕೆ ಎದುರಾಗಿ ತಳ್ಳಬೇಡಿ, ಅಲೆ ಒಂದು ಕ್ಷಣ ಸಡಿಲವಾದಾಗ ಓರೆಯಾಗಿ ಅಂಚಿನ ಕಡೆಗೆ ಒಂದೊಂದೇ ಹೆಜ್ಜೆ ಸರಿಯಿರಿ. ಕೂಗಿ ಉಸಿರು ಕಳೆದುಕೊಳ್ಳಬೇಡಿ. ಬಿದ್ದ ಮೊಬೈಲ್, ಚಪ್ಪಲಿ, ಪರ್ಸ್ ಯಾವುದಕ್ಕೂ ಬಗ್ಗಬೇಡಿ. ಬಿದ್ದೇಬಿಟ್ಟರೆ ಪಕ್ಕಕ್ಕೆ ಹೊರಳಿ, ಮೊಣಕಾಲನ್ನು ಹೊಟ್ಟೆಗೆ ತಂದು, ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ. ಅಂಗಾತ ಮಲಗಿದರೆ ಎದೆಯ ಮೇಲೆ ಭಾರ ಬೀಳುತ್ತದೆ.

ಇಷ್ಟೆಲ್ಲ ನಾವು ಕಲಿಯಬೇಕು ನಿಜ. ಆದರೆ ಟಿಕೆಟ್ ಮಾರಿದವರ ಕೆಲಸವನ್ನು ಟಿಕೆಟ್ ಕೊಂಡವರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಜನಸಂದಣಿಯ ನಿರ್ವಹಣೆಗಾಗಿ ಒಂದು ಕೈಪಿಡಿ ಹೊರತಂದಿದೆ. ಜಾಗಕ್ಕೆ ಎಷ್ಟು ಜನ, ಬರುವ-ಹೋಗುವ ದಾರಿ, ವೈದ್ಯಕೀಯ ನೆರವು, ಎಲ್ಲದರ ಬಗ್ಗೆ ಅದರಲ್ಲಿದೆ. ಹಣ ಕೊಟ್ಟು ಟಿಕೆಟ್ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ನಾವು ಮೊದಲು ಸಂಘಟಕರಿಗೇ ಪತ್ರ ಬರೆದೆವು. ಉತ್ತರ ಬಂತು. "ತಮ್ಮ ಅಮೂಲ್ಯ ಸಲಹೆಗಳಿಗೆ ಧನ್ಯವಾದಗಳು" ಎಂದಿತ್ತು. ಮುಂದಿನ ಕಾರ್ಯಕ್ರಮದ ಟಿಕೆಟಿನಲ್ಲಿ ಹತ್ತು ಶೇಕಡಾ ರಿಯಾಯಿತಿಯನ್ನೂ ಘೋಷಿಸಿದ್ದರು. ಅದನ್ನು ಓದಿ ಆಪಾ ನಕ್ಕಳು, ಭಾವನಿಗೆ ಮಾತ್ರ ಸಿಟ್ಟು ಬಂತು. ಈಗ ಆಯೋಗಕ್ಕೆ ದೂರಿನ ಅರ್ಜಿಯನ್ನು ಅವರೇ ಬರೆಯುತ್ತಿದ್ದಾರೆ. ಕನ್ನಡ ತಿದ್ದಿಕೊಡಲು ನನಗೆ ಕಳುಹಿಸಿದ್ದಾರೆ. ಕೇಳಿರುವ ಪರಿಹಾರ ಸಾವಿರದ ಇನ್ನೂರು ರೂಪಾಯಿ, ಬೆರಳಿನ ಚಿಕಿತ್ಸೆಯ ಖರ್ಚು, ಮತ್ತು ಆ ಮೈದಾನದಲ್ಲಿ ಅವರು ಇನ್ನು ಮುಂದೆ ನಡೆಸುವ ಯಾವುದೇ ಕಾರ್ಯಕ್ರಮದಲ್ಲಿ ಎಡಗಡೆಯ ಗೇಟಿಗೆ ಬೀಗ ಹಾಕಬಾರದೆಂಬ ಆದೇಶ. ಕೊನೆಯದನ್ನು ಆಯೋಗ ಕೊಡಬಹುದೇ ಎಂದು ವಕೀಲರೊಬ್ಬರನ್ನು ಕೇಳಬೇಕಾಗಿದೆ. ಭಾವ ಮಾತ್ರ ಆ ಸಾಲನ್ನು ತೆಗೆಯಲು ಒಪ್ಪುತ್ತಿಲ್ಲ.